ಉಡಕ್ಕೊಂದು ಓಡುವ ದಾರಿ

1928ರ ಅಕ್ಟೋಬರ್. ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ಸಭೆಯಲ್ಲಿ ಮೃಗಾಲಯದ ಸರೀಸೃಪ ವಿಭಾಗದ ಮುಖ್ಯಸ್ಥೆ ಜೋನ್ ಪ್ರಾಕ್ಟರ್ ಕೊಮೊಡೊ ಡ್ರ್ಯಾಗನ್ ಬಗ್ಗೆ ಮಾತಾಡಬೇಕಿತ್ತು. ಮಾತಿಗೆ ಸಾಕ್ಷಿಯಾಗಿ ಆಕೆ ಡ್ರ್ಯಾಗನ್ನನ್ನೇ ಜೊತೆಗೆ ಕರೆತಂದಿದ್ದರು. ಸುಂಬಾವಾ ಎಂಬ ಹೆಸರಿನ ಆ ಪ್ರಾಣಿ ವಿದ್ವಾಂಸರ ನಡುವೆ ಓಡಾಡಿತು. ಆಕೆಯ ಕೈಯಿಂದಲೇ ಒಂದು ದೊಡ್ಡ ಕೋಳಿ, ಕೆಲವು ಮೊಟ್ಟೆ, ಒಂದು ಪಾರಿವಾಳವನ್ನು ತಿಂದಿತು. ಮೈ ತಟ್ಟಿದರೂ ಅತ್ತಿತ್ತ ಎಳೆದಾಡಿದರೂ ಸುಮ್ಮನಿತ್ತು. ಇದಕ್ಕೆ ಎರಡೇ ವರ್ಷ ಹಿಂದೆ, 1926ರಲ್ಲಿ, ಅಮೆರಿಕದ ಡಗ್ಲಸ್ ಬರ್ಡನ್ ಕೊಮೊಡೊ ದ್ವೀಪಕ್ಕೆ ದಂಡೆತ್ತಿ ಹೋದಂತೆ ಹೋಗಿ, ಉರುಳು ಹಾಕಿ ಇದೇ ಜಾತಿಯ ಪ್ರಾಣಿಗಳನ್ನು ಹಿಡಿದಿದ್ದ. ಹಗ್ಗದಲ್ಲಿ ಒದ್ದಾಡುವ ರಾಕ್ಷಸರ ಆ ಕಥೆಯೇ ಮುಂದೆ 'ಕಿಂಗ್ ಕಾಂಗ್' ಸಿನಿಮಾಕ್ಕೆ ಬೀಜವಾಯಿತು ಎನ್ನುತ್ತಾರೆ. ಅವನು ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯಕ್ಕೆ ತಂದುಕೊಟ್ಟ ಎರಡು ಡ್ರ್ಯಾಗನ್‌ಗಳು ಹೆಚ್ಚು ಕಾಲ ಬದುಕಲಿಲ್ಲ. ಒಂದೇ ಜಾತಿ, ಹೆಚ್ಚುಕಡಿಮೆ ಒಂದೇ ಕಾಲ. ಒಬ್ಬರ ಪಾಲಿಗೆ ರಾಕ್ಷಸ, ಇನ್ನೊಬ್ಬರ ಪಾಲಿಗೆ ಕೈತುತ್ತು ತಿನ್ನುವ ಪ್ರಾಣಿ. ಪ್ರಾಕ್ಟರ್ ಅವರಿಗೆ ಏನೋ ಮಂತ್ರಶಕ್ತಿ ಇತ್ತೆಂದು ಅಂದಿನ ಪತ್ರಿಕೆಗಳು ಬರೆದಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಮಂತ್ರವನ್ನು ಬಿಡಿಸಿ ನೋಡಲು ಬೇಕಾದ ವಿಜ್ಞಾನ ಈಗ ನಮ್ಮ ಕೈಯಲ್ಲಿದೆ.

ಕೊಮೊಡೊ ಡ್ರ್ಯಾಗನ್ ನಮ್ಮ ಬೇಲಿಸಾಲಿನ ಉಡದ ದೊಡ್ಡಣ್ಣ. ಎರಡೂ 'ವರಾನಸ್' ಎಂಬ ಒಂದೇ ಕುಲಕ್ಕೆ ಸೇರಿದವು. ಈ ಕುಲದ ಹಲವು ಜಾತಿಗಳನ್ನು ಅಮೆರಿಕ, ಯುರೋಪಿನ ಮನೆಗಳಲ್ಲಿ ಸಾಕುತ್ತಾರೆ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್‌ಗಳಿಂದ ಮರಿಗಳಾಗಿ ಬಂದಿಳಿಯುವ ಸವಾನಾ ಉಡ ಅಲ್ಲಿ ಬೆಲೆಗೆ ಅಗ್ಗ, ಗೇಣುದ್ದದ್ದು. ಮನೆಗೆ ತಂದ ವಾರದಲ್ಲೇ ದೂರು ಶುರುವಾಗುತ್ತದೆ: ಕೈ ಹಾಕಿದರೆ ಬುಸುಗುಡುತ್ತದೆ, ಬಾಲದಿಂದ ಬಾರಿಸುತ್ತದೆ, ಕಚ್ಚುತ್ತದೆ, ಇದು ಆಕ್ರಮಣಕಾರಿ. ಈ ಕೊನೆಯ ಪದದಲ್ಲೇ ಎಡವಟ್ಟಿದೆ ಎಂಬುದು ಈ ಅಧ್ಯಾಯದ ವಾದ. ಸಾಕಿದ ಉಡದ 'ಆಕ್ರಮಣ' ಎನ್ನುವುದು ಬಹುಪಾಲು ಓಡಲು ದಾರಿ ಸಿಗದ ಪ್ರಾಣಿಯ ರಕ್ಷಣೆ. ಹಾಗಿದ್ದರೆ ಅದನ್ನು ಪಳಗಿಸುವ ಕೆಲಸ ಅದರ ಸಿಟ್ಟು ಇಳಿಸುವುದರಿಂದ ಶುರುವಾಗುವುದಿಲ್ಲ, ಓಡುವ ದಾರಿಯನ್ನು ಮರಳಿ ಕೊಡುವುದರಿಂದ ಶುರುವಾಗುತ್ತದೆ. ಓಡಬಲ್ಲೆ ಎಂದು ಗೊತ್ತಿರುವ ಉಡ ಮಾತ್ರ ಓಡದೆ ನಿಲ್ಲಲು ಕಲಿಯುತ್ತದೆ.

ನಮ್ಮ ನುಡಿಗಟ್ಟಿನಲ್ಲೇ ಇದಕ್ಕೊಂದು ಸುಳಿವಿದೆ. ಹಟ ಬಿಡದವರನ್ನು ಕಂಡರೆ 'ಉಡದ ಹಿಡಿತ' ಎನ್ನುತ್ತೇವೆ. ಮುಧೋಳವನ್ನು ಆಳಿದ ಘೋರ್ಪಡೆ ಮನೆತನದ ಹೆಸರು ಮರಾಠಿಯ 'ಘೋರ್ಪಡ', ಅಂದರೆ ಉಡದಿಂದಲೇ ಬಂದದ್ದು. ಉಡಕ್ಕೆ ಹಗ್ಗ ಕಟ್ಟಿ ಕೋಟೆಗೋಡೆ ಹತ್ತಿದ ಪೂರ್ವಜನ ಕಥೆ ಅದರ ಹಿಂದಿದೆ. ಕಥೆ ಕಥೆಯಾಗಿಯೇ ಇರಲಿ. ಹಿಡಿತ ಮಾತ್ರ ನಿಜ, ಮತ್ತು ಅದು ನಿಜವಾಗುವ ಸಂದರ್ಭ ಗಮನಿಸುವಂಥದ್ದು. ಬಿಲಕ್ಕೋ ಬಂಡೆಯ ಸೀಳಿಗೋ ನುಗ್ಗಿದ ಉಡದ ಬಾಲ ಹಿಡಿದು ಎಳೆದರೆ ಅದು ಉಗುರುಗಳನ್ನು ಊರಿ, ಎದೆಗೂಡಿಗೆ ಗಾಳಿ ತುಂಬಿಕೊಂಡು ಮೈ ಉಬ್ಬಿಸಿ ಸೀಳಿನಲ್ಲಿ ಬಿರಡೆಯಂತೆ ಕೂರುತ್ತದೆ. ಎಳೆದಷ್ಟೂ ಬಿಗಿ. ಎಳೆಯುವುದನ್ನು ನಿಲ್ಲಿಸಿ ಆಚೆ ಸರಿದರೆ ಸ್ವಲ್ಪ ಹೊತ್ತಿಗೆ ತಾನೇ ಸಡಿಲವಾಗುತ್ತದೆ. ಹಿಡಿತ ಉಡದ ಸ್ವಭಾವವೆಂದು ನಾವು ಗಾದೆ ಕಟ್ಟಿಕೊಂಡೆವು. ಅದು ಎಳೆಯುವವನಿಗೆ ಕೊಟ್ಟ ಉತ್ತರವೆಂಬುದನ್ನು ಗಾದೆಯಲ್ಲಿ ಸೇರಿಸಲಿಲ್ಲ.

ಈ ಉತ್ತರಕ್ಕೆ ಲೆಕ್ಕಾಚಾರವಿದೆ ಎಂದು ಮೊದಲು ಖಚಿತವಾಗಿ ಬರೆದವರು ಸ್ವಿಟ್ಜರ್ಲೆಂಡಿನ ಹೈನಿ ಹೆಡಿಗರ್. ಬರ್ನ್, ಬಾಸೆಲ್, ಜ್ಯೂರಿಕ್ ಮೃಗಾಲಯಗಳನ್ನು ನಡೆಸಿದ ಇವರು 1942ರ ತಮ್ಮ ಪುಸ್ತಕದಲ್ಲಿ ಸೆರೆಯಲ್ಲಿರುವ ಪ್ರಾಣಿಗಳ ವರ್ತನೆಯನ್ನು ದೂರದ ಅಳತೆಗಳಲ್ಲಿ ವಿವರಿಸಿದರು. ಪ್ರತಿ ಪ್ರಾಣಿಯ ಸುತ್ತಲೂ ಕಾಣದ ಎರಡು ಗೆರೆಗಳಿವೆ. ಹೊರಗಿನ ಗೆರೆಯನ್ನು ಶತ್ರು ದಾಟಿದರೆ ಪ್ರಾಣಿ ಓಡುತ್ತದೆ. ಓಡಲಾಗದೆ ಮೂಲೆಗೆ ಸಿಕ್ಕಿ, ಶತ್ರು ಒಳಗಿನ ಗೆರೆಯನ್ನೂ ದಾಟಿದರೆ ಆಗ ಮೈಮೇಲೆ ಬರುತ್ತದೆ. ಸರ್ಕಸ್ಸಿನ ಸಿಂಹ ಪಳಗಿಸುವವನು ಆಡುವ ಆಟವೆಲ್ಲ ಈ ಎರಡು ಗೆರೆಗಳ ಮೇಲೆಯೇ: ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ಈಗ ನಾಲ್ಕಡಿ ಗಾಜಿನ ಪೆಟ್ಟಿಗೆಯಲ್ಲಿರುವ ಉಡವನ್ನು ನೆನೆಸಿಕೊಳ್ಳಿ. ಪೆಟ್ಟಿಗೆ ಎಲ್ಲಿ ಮುಗಿಯುತ್ತದೋ ಅದಕ್ಕಿಂತ ಬಹಳ ಆಚೆ ಅದರ ಹೊರಗೆರೆ ಇದೆ. ಮುಚ್ಚಳ ತೆಗೆದು ಮೇಲಿನಿಂದ ಕೈ ಇಳಿಸಿದವನು ಒಂದೇ ಏಟಿಗೆ ಎರಡೂ ಗೆರೆ ದಾಟಿರುತ್ತಾನೆ. ಅದೂ ಹದ್ದು ಬರುವ ದಿಕ್ಕಿನಿಂದ. ಉಡ ಆಗಲೂ ನೇರವಾಗಿ ಕಚ್ಚುವುದಿಲ್ಲ. ಗಂಟಲ ಚೀಲ ಉಬ್ಬಿಸುತ್ತದೆ, ಬುಸುಗುಡುತ್ತದೆ, ಮೈಯನ್ನು ಪಕ್ಕಕ್ಕೆ ಚಪ್ಪಟೆಯಾಗಿಸಿ ದೊಡ್ಡದಾಗಿ ಕಾಣಿಸುತ್ತದೆ, ಬಾಲ ಬೀಸುತ್ತದೆ, ಹಿಡಿದರೆ ಮಲ ಹಾರಿಸುತ್ತದೆ. ಕಚ್ಚುವುದು ಸಾಮಾನ್ಯವಾಗಿ ಕೊನೆಯ ಮಾತು. ಕಡಿಮೆ ಖರ್ಚಿನ ಎಚ್ಚರಿಕೆಯಿಂದ ಹೆಚ್ಚು ಖರ್ಚಿನದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಏರುವ ಪ್ರಾಣಿಯನ್ನು ಆಕ್ರಮಣಕಾರಿ ಎನ್ನುವುದು, ಹಾರ್ನ್ ಹೊಡೆಯುತ್ತಾ ಬಂದ ಲಾರಿಯನ್ನು ಹೇಳದೆ ಕೇಳದೆ ಗುದ್ದಿತು ಎಂದಂತೆ.

ಮೆಟ್ಟಿಲುಗಳ ಏರಿಳಿತಕ್ಕೆ ಇನ್ನೊಂದು ಕೀಲಿಯಿದೆ, ಮೈಯ ಬಿಸಿ. ಇದನ್ನು ಸಾಕುವವರು ಬಹಳ ಸಲ ಮರೆಯುತ್ತಾರೆ. ಪಾಲ್ ಹರ್ಟ್ಸ್, ರೇಮಂಡ್ ಹ್ಯೂಯಿ, ಎವಿಯಾತಾರ್ ನೇವೊ ಎಂಬ ಮೂವರು 1982ರಲ್ಲಿ ಓತಿಕ್ಯಾತದ ಬಳಗದ ಎರಡು ಮರುಭೂಮಿ ಜಾತಿಗಳ ಮೇಲೆ ನಡೆಸಿದ ಅಧ್ಯಯನ ಇಲ್ಲಿ ಕಣ್ಣು ತೆರೆಸುವಂಥದ್ದು. ಮೈ ಬಿಸಿಯಾಗಿದ್ದಾಗ ಈ ಹಲ್ಲಿಗಳು ಶತ್ರುವನ್ನು ಕಂಡು ಓಡಿದವು. ಮೈ ತಣ್ಣಗಿದ್ದಾಗ ಅವೇ ಪ್ರಾಣಿಗಳು ನಿಂತಲ್ಲೇ ನಿಂತು ಬಾಯಿ ತೆರೆದು ಎರಗಿದವು. ಕಾರಣ ಸರಳ. ತಣ್ಣನೆಯ ಸ್ನಾಯು ವೇಗವಾಗಿ ಓಡಲಾರದು. ಓಡಿ ಗೆಲ್ಲಲಾಗದವನಿಗೆ ಕಾದಾಟವೊಂದೇ ಉಳಿಯುವ ಉಪಾಯ. ಉಡಗಳು ಹಗಲಲ್ಲಿ ಮೈಯನ್ನು 35ರಿಂದ 38 ಡಿಗ್ರಿ ಸೆಲ್ಸಿಯಸ್ ಆಸುಪಾಸು ಕಾಪಾಡಿಕೊಳ್ಳುವ ಪ್ರಾಣಿಗಳು. ಅದಕ್ಕೆ ಬಿಸಿಲು ಕಾಯುವ ಕಲ್ಲು ಅದಕ್ಕಿಂತ ಎಷ್ಟೋ ಹೆಚ್ಚು, 50 ಡಿಗ್ರಿಗೂ ಮೇಲೆ, ಕಾದಿರಬೇಕಾಗುತ್ತದೆ. ಮೈ ಬಿಸಿಯಾದ ಉಡ ಬಿಸಿರಕ್ತದ ಬೇಟೆಗಾರನಂತೆ ಚುರುಕು. 1999ರಲ್ಲಿ ಸವಾನಾ ಉಡವನ್ನು ಓಟದ ಯಂತ್ರದ ಮೇಲೆ ನಡೆಸಿ ನೋಡಿದ ವಿಜ್ಞಾನಿಗಳು, ಅದು ಗಂಟಲ ಚೀಲವನ್ನು ತಿದಿಯಂತೆ ಒತ್ತಿ ಶ್ವಾಸಕೋಶಕ್ಕೆ ಗಾಳಿ ತುಂಬುತ್ತದೆಂದು ಕಂಡುಕೊಂಡರು. ಓಡುವಾಗ ಎದೆಯಿಂದ ಉಸಿರೆಳೆಯಲು ಪರದಾಡುವ ಹಲ್ಲಿಕುಲದ ಕೊರತೆಯನ್ನು ಉಡ ಹೀಗೆ ತುಂಬಿಕೊಂಡಿದೆ. ಇಂಥ ಓಟಗಾರನನ್ನು 28 ಡಿಗ್ರಿಯ ಮಂಕು ದೀಪದ ಕೆಳಗೆ ಕೂರಿಸಿದರೆ ಅದರ ಮೊದಲ ಆಯುಧವನ್ನೇ ಕಿತ್ತುಕೊಂಡಂತೆ. ಉಳಿಯುವುದು ಹಲ್ಲು. ಆದ್ದರಿಂದ ಕಚ್ಚುವ ಉಡದ ವಿಚಾರದಲ್ಲಿ ಮೊದಲು ಪರೀಕ್ಷಿಸಬೇಕಾದ್ದು ಅದರ ಗುಣವನ್ನಲ್ಲ, ಥರ್ಮಾಮೀಟರನ್ನು. ಜೊತೆಗೆ ಮೈ ಪೂರ್ತಿ ಮುಳುಗುವಷ್ಟು ಆಳದ ಮಣ್ಣು. ಬಿಲ ತೋಡಲು ಮಣ್ಣಿಲ್ಲದ ಸವಾನಾ ಉಡಕ್ಕೆ ಮನೆಯೇ ಇಲ್ಲ.

ಇಷ್ಟು ಹೇಳಿದ ಮೇಲೆ ಅನುಭವಿ ಸಾಕಣೆದಾರರಿಂದ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಇದೆಲ್ಲ ಬೇಕಿಲ್ಲ, ದಪ್ಪ ಕೈಗವಸು ಹಾಕಿ ದಿನಾ ಎತ್ತಿ ಹಿಡಿಯಿರಿ, ಒದ್ದಾಡಿ ಸುಸ್ತಾಗುವವರೆಗೆ ಬಿಡಬೇಡಿ, ಒಂದು ತಿಂಗಳಲ್ಲಿ ಅದು ಬೆಕ್ಕಿನಂತಾಗುತ್ತದೆ ಎನ್ನುತ್ತಾರೆ ಅವರು. ಕೆಲವು ಉಡಗಳು ಹೀಗೆ ಮೆತ್ತಗಾಗುವುದು ಸುಳ್ಳಲ್ಲ. ಪ್ರಶ್ನೆ ಇರುವುದು ಆ ಮೆತ್ತಗಾಗುವಿಕೆ ಏನು ಎಂಬುದರಲ್ಲಿ. ಕೆನಡಾದ ಲಾವಾಲ್ ವಿಶ್ವವಿದ್ಯಾಲಯದ ಮಿಶೆಲ್ ಕಬನಾಕ್ ಕಪ್ಪೆಗಳನ್ನೂ ಹಲ್ಲಿಗಳನ್ನೂ ಮೃದುವಾಗಿ ಕೈಯಲ್ಲಿ ಹಿಡಿದು ಎದೆಬಡಿತ ಅಳೆಯುವ ಪ್ರಯೋಗದಲ್ಲಿ ಪಾಲ್ಗೊಂಡಿದ್ದರು. ಕಪ್ಪೆಗಳ ಎದೆಬಡಿತ ಏರಲಿಲ್ಲ, ಹಲ್ಲಿಗಳದ್ದು ಏರಿತು. ಚಿಲಿ ದೇಶದ ಒಂದು ಹಲ್ಲಿಯನ್ನು ಕೈಯಲ್ಲಿ ಹಿಡಿದು ಬಿಟ್ಟಾಗ ಅದು ಹೋಗಿ ಎಂದಿಗಿಂತ ಬಿಸಿಯಾದ ಜಾಗದಲ್ಲಿ ಕೂತು ಮೈಬಿಸಿ ಏರಿಸಿಕೊಂಡದ್ದನ್ನು 1993ರಲ್ಲಿ ಅವರ ತಂಡ ವರದಿ ಮಾಡಿತು. ಭಾವನೆಯಿಂದ ಬಂದ ಜ್ವರ ಎಂದು ಅದನ್ನು ಕರೆದರು. ಹೊರಗೆ ಸುಮ್ಮನಿರುವ ಪ್ರಾಣಿ ಒಳಗೆ ಸುಮ್ಮನಿಲ್ಲದಿರಬಹುದು ಎಂದಷ್ಟೇ ಇದರಿಂದ ತಿಳಿಯಬೇಕು, ಅದಕ್ಕಿಂತ ಹೆಚ್ಚಲ್ಲ. ಆದರೆ ಅಷ್ಟೇ ಸಾಕು, 'ಒದ್ದಾಡುತ್ತಿಲ್ಲ, ಆದ್ದರಿಂದ ಪಳಗಿದೆ' ಎಂಬ ತರ್ಕ ಬಿದ್ದುಹೋಗುತ್ತದೆ.

ಒಗ್ಗಿಕೊಳ್ಳುವುದಕ್ಕೂ ಸೋತು ಕೂರುವುದಕ್ಕೂ ಇರುವ ವ್ಯತ್ಯಾಸವನ್ನು ಮನೋವಿಜ್ಞಾನ ಅರ್ಧ ಶತಮಾನದಿಂದ ಅಳೆಯುತ್ತಾ ಬಂದಿದೆ. ರಿಚರ್ಡ್ ಥಾಂಪ್ಸನ್ ಮತ್ತು ವಿಲಿಯಂ ಸ್ಪೆನ್ಸರ್ 1966ರಲ್ಲಿ ಒಗ್ಗಿಕೊಳ್ಳುವಿಕೆಯ ಲಕ್ಷಣಗಳನ್ನು ಪಟ್ಟಿ ಮಾಡಿದಾಗ ಅದರಲ್ಲೊಂದು ಹೀಗಿತ್ತು: ಪ್ರಚೋದನೆ ಮೆಲುವಾದಷ್ಟೂ ಪ್ರಾಣಿ ಅದಕ್ಕೆ ಬೇಗ ಒಗ್ಗುತ್ತದೆ, ತೀರಾ ಜೋರಾಗಿದ್ದರೆ ಒಗ್ಗದೆಯೂ ಹೋಗಬಹುದು. ರೈಲು ಹಳಿ ಪಕ್ಕದ ಮನೆಯವರು ರೈಲಿನ ಸದ್ದಿಗೆ ಒಗ್ಗುತ್ತಾರೆ, ದಿನಾ ಬಾಂಬು ಬಿದ್ದರೆ ಒಗ್ಗುವುದಿಲ್ಲ. ಮರುವರ್ಷ, 1967ರಲ್ಲಿ, ಮಾರ್ಟಿನ್ ಸೆಲಿಗ್ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನಡೆಸಿದ, ಇಂದು ಓದಲೂ ಸಂಕಟವಾಗುವ ಪ್ರಯೋಗಗಳು ಬಂದವು. ಏನು ಮಾಡಿದರೂ ನಿಲ್ಲದ ವಿದ್ಯುತ್ ಆಘಾತಕ್ಕೆ ಸಿಕ್ಕ ನಾಯಿಗಳು ಆಮೇಲೆ ತಪ್ಪಿಸಿಕೊಳ್ಳುವ ದಾರಿ ಎದುರಿಗಿದ್ದರೂ ಕೂತಲ್ಲೇ ಕೂತವು. ಇದನ್ನು 'ಕಲಿತ ಅಸಹಾಯಕತೆ' ಎಂದರು. ಸ್ವಾರಸ್ಯವಿರುವುದು ಮುಂದಿನ ತಿರುವಿನಲ್ಲಿ. ಸುಮಾರು ಐವತ್ತು ವರ್ಷಗಳ ಬಳಿಕ, 2016ರಲ್ಲಿ, ಅವರಿಬ್ಬರೇ ತಮ್ಮ ಸಿದ್ಧಾಂತವನ್ನು ತಲೆಕೆಳಗು ಮಾಡಿದರು. ಮಿದುಳಿನ ಅಧ್ಯಯನಗಳ ಆಧಾರದ ಮೇಲೆ ಅವರು ಹೇಳಿದ್ದು: ದೀರ್ಘ ಸಂಕಟದಲ್ಲಿ ಸುಮ್ಮನಾಗುವುದು ಕಲಿತದ್ದಲ್ಲ, ಅದು ಹುಟ್ಟಿನಿಂದ ಬಂದ ಪ್ರತಿಕ್ರಿಯೆ, ಪ್ರಾಣಿ ಕಲಿಯುವುದು 'ನನ್ನ ಕೈಯಲ್ಲಿ ಏನೋ ಇದೆ' ಎಂಬುದನ್ನು. ಇದು ಸಸ್ತನಿಗಳ ಮಿದುಳಿನ ಮಾತು, ಉಡಕ್ಕೆ ಹಾಗೆಹಾಗೇ ಅಂಟಿಸಬಾರದು ಎಂದು ಯಾರಾದರೂ ಹೇಳಿದರೆ ಒಪ್ಪುತ್ತೇನೆ. ಆದರೂ ಕೈಗವಸಿನ ವಿಧಾನದ ಫಲವನ್ನು ಸಾಕಣೆದಾರರೇ ವಿವರಿಸುವಾಗ ಈ ಚಿತ್ರವೇ ಬರುತ್ತದೆ: ಕಣ್ಣು ಮುಚ್ಚಿ ಬಿದ್ದಿರುತ್ತದೆ, ಕೈಯಲ್ಲಿ ಜೋತು ಬೀಳುತ್ತದೆ, ಆಹಾರ ಬಿಡುತ್ತದೆ, ಇದ್ದಕ್ಕಿದ್ದಂತೆ ಒಂದು ದಿನ ಎಚ್ಚರಿಕೆಯೇ ಇಲ್ಲದೆ ಕಚ್ಚುತ್ತದೆ. ಕೊನೆಯದರಲ್ಲಿ ರಹಸ್ಯವೇನಿಲ್ಲ. ಬುಸುಗುಟ್ಟಿದ್ದಕ್ಕೆ ಯಾರೂ ಬೆಲೆ ಕೊಡದಿದ್ದಾಗ ಆ ಮೆಟ್ಟಿಲುಗಳನ್ನು ಅದು ಬಿಟ್ಟುಬಿಟ್ಟಿದೆ.

ಕೈಗವಸಿನ ವೀರರ ಇನ್ನೊಂದು ಬುದ್ಧಿಮಾತು, 'ಕಚ್ಚಿದರೂ ಕೈ ಹಿಂತೆಗೆಯಬೇಡಿ, ತೆಗೆದರೆ ಕಚ್ಚುವುದನ್ನೇ ಕಲಿಯುತ್ತದೆ'. ಇದರಲ್ಲಿ ಅರ್ಧ ಸತ್ಯವಿದೆ, ಮತ್ತು ಆ ಅರ್ಧವೇ ನಮಗೆ ಬೇಕಾದ್ದು. ಯಾವ ವರ್ತನೆಯ ಬೆನ್ನಿಗೆ ಭಯ ತೊಲಗುತ್ತದೋ ಆ ವರ್ತನೆ ಗಟ್ಟಿಯಾಗುತ್ತದೆ. ಕಚ್ಚಿದಾಗ ಕೈ ಸರಿದರೆ ಕಚ್ಚು ಗಟ್ಟಿಯಾಗುತ್ತದೆ, ಸರಿ. ಹಾಗಾದರೆ ಬುಸುಗುಟ್ಟುವ ಮೊದಲೇ, ಅದು ಶಾಂತವಾಗಿ ನೋಡುತ್ತಿರುವಾಗಲೇ, ಕೈ ಸರಿದರೆ? ಶಾಂತವಾಗಿ ನೋಡುವುದು ಗಟ್ಟಿಯಾಗುತ್ತದೆ. ಇಡೀ ವಿದ್ಯೆಯ ತಿರುಳು ಇಷ್ಟೇ. ಮೊದಲ ದಿನಗಳಲ್ಲಿ ಪೆಟ್ಟಿಗೆಯ ಬಳಿ ಕೂತು ನಿಮ್ಮ ಪಾಡಿಗೆ ಓದುತ್ತಿರುವುದು. ಹಾಕಿಕೊಂಡು ಬೆವರಿದ ಹಳೇ ಬನಿಯನ್ನೊಂದನ್ನು ಅದರ ಅಡಗುತಾಣದ ಹತ್ತಿರ ಬಿಡುವುದು, ಏಕೆಂದರೆ ಉಡದ ಲೋಕ ಕಣ್ಣಿನಷ್ಟೇ ನಾಲಗೆಯದ್ದು. ಹಾವಿನಂತೆ ಸೀಳಿದ ಆ ನಾಲಗೆ ಗಾಳಿಯ ಕಣಗಳನ್ನು ಬಾಚಿ ಅಂಗುಳಿನ ಮೇಲಿರುವ ವಾಸನೆಯ ಅಂಗಕ್ಕೆ ಒಯ್ಯುತ್ತದೆ. ಆಮೇಲೆ ಪಕ್ಕದ ಬಾಗಿಲಿನಿಂದ, ನೆಲದ ಮಟ್ಟದಲ್ಲಿ, ಕೈಯನ್ನು ದೂರದಲ್ಲಿ ಇಟ್ಟು ಕಾಯುವುದು. ಉಡ ನಾಲಗೆ ಚಾಚಿ ವಿಚಾರಿಸಿಕೊಂಡರೆ ಒಳ್ಳೆಯ ಸುದ್ದಿ; ಕೈ ನಿಧಾನಕ್ಕೆ ಹೊರಗೆ. ಗಂಟಲು ಉಬ್ಬಿದರೆ ನೀವು ಗೆರೆ ದಾಟಿದ್ದೀರಿ. ನಾಳೆ ಒಂದು ಗೇಣು ಹಿಂದಿನಿಂದ ಶುರು. ಅದು ಬಿಲಕ್ಕೆ ಹೋದರೆ ಹೋಗಲಿ. ಬಿಲದೊಳಗೆ ಕೈ ಹಾಕುವುದಂತೂ ಎಂದಿಗೂ ಇಲ್ಲ. ಬಿಲದೊಳಗೆ ಯಾರೂ ಬರುವುದಿಲ್ಲ ಎಂದು ಖಚಿತವಾದ ಉಡ ಬಿಲದಿಂದ ಹೆಚ್ಚು ಹೊತ್ತು ಹೊರಗಿರುತ್ತದೆ. ಹೀಗೆ ವಾರಗಳಲ್ಲ, ತಿಂಗಳುಗಳು ಹಿಡಿಯುತ್ತವೆ. ಕೈಗವಸು ಹಾಕಿದವನು ಅಷ್ಟರಲ್ಲಿ ಮೂರು ಉಡ ಪಳಗಿಸಿ ಮುಗಿಸಿರುತ್ತಾನೆ, ಬಹುಶಃ ಎರಡನ್ನು ಹೂತೂ ಇರುತ್ತಾನೆ.

'ಅಷ್ಟೆಲ್ಲ ಮಾಡಿ ಸಿಗುವುದಾದರೂ ಏನು, ಹೊಟ್ಟೆಪಾಡಿನ ಸ್ನೇಹ. ಊಟ ಹಾಕುವ ಕೈಯೆಂದು ಬರುತ್ತದೆಯೇ ಹೊರತು ನಂಬಿಕೆಯಿಂದಲ್ಲ' ಎಂಬುದು ಎರಡನೆಯ ಆಕ್ಷೇಪ. ಇದಕ್ಕೆ ಉತ್ತರ ಕ್ರಾಕನ್ ಎಂಬ ಹೆಣ್ಣು ಡ್ರ್ಯಾಗನ್ನಿನದು. ಇಂಡೊನೇಷ್ಯಾದ ಹೊರಗೆ ಮೊಟ್ಟೆಯೊಡೆದ ಮೊದಲ ಕೊಮೊಡೊ ಮರಿಗಳಲ್ಲಿ ಒಂದಾಗಿ 1992ರಲ್ಲಿ ಹುಟ್ಟಿದ ಕ್ರಾಕನ್ ವಾಷಿಂಗ್ಟನ್ನಿನ ರಾಷ್ಟ್ರೀಯ ಮೃಗಾಲಯದಲ್ಲಿ ಬೆಳೆಯಿತು. ಟೆನ್ನೆಸೀ ವಿಶ್ವವಿದ್ಯಾಲಯದ ಗೋರ್ಡನ್ ಬರ್ಗಾರ್ಟ್ ಮತ್ತು ಸಂಗಡಿಗರು ಅದಕ್ಕೆ ಬಕೆಟ್ಟು, ಹಳೇ ಶೂ, ಪ್ಲಾಸ್ಟಿಕ್ ಬಳೆಯಂಥ ವಸ್ತುಗಳನ್ನು ಕೊಟ್ಟು ಏನು ಮಾಡುತ್ತದೆಂದು ದಾಖಲಿಸಿ 2002ರಲ್ಲಿ ಪ್ರಕಟಿಸಿದರು. ಅದು ಬಕೆಟ್ಟಿನೊಳಗೆ ತಲೆ ತೂರಿಸಿತು, ಶೂ ಹಿಡಿದು ಕೊಡವಿತು, ಪಾಲಕರ ಜೇಬಿನಿಂದ ಕೈವಸ್ತ್ರ ಎಳೆಯಿತು, ಅವರೊಂದಿಗೆ ಹಗ್ಗಜಗ್ಗಾಟದಂಥ ಆಟ ಆಡಿತು. ಮುಖ್ಯವಾದ ಸಂಗತಿ, ಬೇಟೆಯ ರಕ್ತ ಸವರಿದ ವಸ್ತುವಿನ ಜೊತೆ ಅದರ ವರ್ತನೆಯೇ ಬೇರೆ, ಬರೀ ವಸ್ತುವಿನ ಜೊತೆಯದೇ ಬೇರೆ. ಹೊಟ್ಟೆಯ ಲೆಕ್ಕ ಒಂದು, ಕುತೂಹಲದ ಲೆಕ್ಕ ಇನ್ನೊಂದು ಎಂದು ಪ್ರಾಣಿಯೇ ಬೇರ್ಪಡಿಸಿ ತೋರಿಸಿತು. ಮನುಷ್ಯರ ಬಳಿ ಅದು ಬರುತ್ತಿದ್ದುದು ತಿನ್ನಲಷ್ಟೇ ಅಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಸರೀಸೃಪಗಳಲ್ಲಿ ಸಿಗುವುದು ಕಷ್ಟ.

ಹಾಗೆಂದು ಊಟದ ಲೆಕ್ಕವನ್ನು ಹಗುರಾಗಿ ನೋಡುವಂತಿಲ್ಲ. 2001ರಲ್ಲಿ ಲಾಸ್ ಏಂಜಲೀಸ್ ಮೃಗಾಲಯದಲ್ಲಿ ಡ್ರ್ಯಾಗನ್ನಿನ ಆವರಣದೊಳಕ್ಕೆ ಹೋದ ಪತ್ರಿಕಾ ಸಂಪಾದಕರೊಬ್ಬರ ಕಾಲಿನಲ್ಲಿ ಬಿಳಿ ಶೂ ಇತ್ತು. ಬಿಳಿ ಇಲಿಗಳೆಂದು ಭ್ರಮಿಸೀತೆಂಬ ಸಲಹೆಯ ಮೇರೆಗೆ ಅದನ್ನು ಬಿಚ್ಚಿ ಒಳಗೆ ಹೋದರು. ಡ್ರ್ಯಾಗನ್ ಬರಿಗಾಲಿಗೇ ಬಾಯಿ ಹಾಕಿತು. ಪಾಲಕರ ಜೊತೆ ಅದುವರೆಗೆ ಸೌಮ್ಯವಾಗಿದ್ದ ಪ್ರಾಣಿಯದು. ಉಡದ ಬುದ್ಧಿ ಚುರುಕು, ಅದೇ ಅಪಾಯ. 2008ರಲ್ಲಿ ಎಂಟು ಮರಿ ಉಡಗಳಿಗೆ, ಆಫ್ರಿಕಾದ ಕಪ್ಪುಗಂಟಲಿನ ಜಾತಿಯವಕ್ಕೆ, ಕೀಲುಬಾಗಿಲಿನ ಪಾರದರ್ಶಕ ಕೊಳವೆಯೊಳಗೆ ಇಲಿ ಇಟ್ಟು ಕೊಟ್ಟರು. ಎಂಟೂ ಮೊದಲ ಸಲವೇ ಹತ್ತು ನಿಮಿಷದೊಳಗೆ ಬಾಗಿಲು ತೆರೆದವು. ಎರಡನೇ ಸಲ ಹಿಡಿದ ಸಮಯ ಬಹಳ ಕಡಿಮೆ. ಇಷ್ಟು ಬೇಗ ಕಲಿಯುವ ಪ್ರಾಣಿ ತಪ್ಪು ಪಾಠವನ್ನೂ ಇಷ್ಟೇ ಬೇಗ ಕಲಿಯುತ್ತದೆ. ಪ್ರತಿ ಸಲ ಬಾಗಿಲು ತೆರೆದಾಗಲೂ ಇಲಿಯೇ ಬಂದರೆ ಬಾಗಿಲು ತೆರೆಯುವ ಸದ್ದೇ ಇಲಿ. ಇಲಿ ಮುಟ್ಟಿದ ಬೆರಳು ಇಲಿಯ ಬಾಲ. ಬಣ್ಣದ ಚೆಂಡು ಸಿಕ್ಕಿಸಿದ ಕೋಲೊಂದನ್ನು ಗುರುತಾಗಿಟ್ಟು, ಅದು ಕಂಡಾಗ ಮಾತ್ರ ಊಟ, ಅದೂ ಉದ್ದನೆಯ ಇಕ್ಕಳದಿಂದ, ಬೇರೆ ಜಾಗದಲ್ಲಿ ಎಂದು ಮೃಗಾಲಯಗಳು ಕಲಿಸುವುದು ಇದಕ್ಕೇ. ಹಾಗೆ ಮಾಡಿದಾಗ ಕೈ ಎಂದರೆ ಊಟವಲ್ಲ ಎಂಬುದೂ ಉಡಕ್ಕೆ ಸ್ಪಷ್ಟವಾಗುತ್ತದೆ. ಕೈತುತ್ತು ಕೊಟ್ಟ ಪ್ರಾಕ್ಟರ್ ಅವರ ಉದಾಹರಣೆಯಲ್ಲಿ ಅನುಸರಿಸಬಾರದ ಅಂಶ ಯಾವುದಾದರೂ ಇದ್ದರೆ ಆ ಕೈತುತ್ತೇ.

ಮೂರನೆಯ ಆಕ್ಷೇಪ ವಿಜ್ಞಾನಿಗಳದ್ದು, ಮತ್ತು ಬಲವಾದದ್ದು. 'ನಂಬಿಕೆ' ಎಂಬುದು ಮನುಷ್ಯರ ಮಾತು. ಹಲ್ಲಿಯ ತಲೆಯೊಳಗೆ ಅದನ್ನು ತುರುಕುವುದು ಸಲ್ಲ. ನಾಯಿಯಂತೆ ಉಡ ನಿಮ್ಮನ್ನು ಪ್ರೀತಿಸುತ್ತದೆ ಎಂದು ಹೇಳಲು ನನ್ನ ಬಳಿ ಯಾವ ಪುರಾವೆಯೂ ಇಲ್ಲ, ಹೇಳುವುದೂ ಇಲ್ಲ. ಆದರೆ ನಂಬಿಕೆಯ ಸಿಪ್ಪೆಗಳನ್ನು ಸುಲಿಯುತ್ತಾ ಹೋದರೆ ಒಳಗೆ ಉಳಿಯುವುದು ಒಂದು ನಿರೀಕ್ಷೆ: ಇವನು ಹಿಂದೆ ಹೀಗೆ ಮಾಡಿದ್ದಾನೆ, ಮುಂದೆಯೂ ಹೀಗೆಯೇ ಮಾಡುತ್ತಾನೆ. ಇಂಥ ನಿರೀಕ್ಷೆ ಕಟ್ಟುವ ಶಕ್ತಿ ಉಡಕ್ಕಿದೆಯೇ ಎಂದು ಕೇಳಿದರೆ ವಾಯವ್ಯ ಆಸ್ಟ್ರೇಲಿಯಾದ ಕಿಂಬರ್ಲಿ ಕಡೆ ನೋಡಬೇಕು. ಅಲ್ಲಿಗೆ ಹೊರಗಿನಿಂದ ದಾಳಿಯಿಟ್ಟ ವಿಷದ ಕಪ್ಪೆ, ಕೇನ್ ಟೋಡ್, ತಿಂದು ಹಳದಿ ಚುಕ್ಕೆಯ ಉಡಗಳು ರಾಶಿರಾಶಿ ಸಾಯುತ್ತಿದ್ದವು. ಜಾರ್ಜಿಯಾ ವಾರ್ಡ್-ಫಿಯರ್ ಮತ್ತು ಸಂಗಡಿಗರು ಆ ನೆಲದ ಬಲಂಗಾರಾ ಜನರ ವನಪಾಲಕರೊಂದಿಗೆ ಸೇರಿ, ದೊಡ್ಡ ಕಪ್ಪೆಗಳ ದಂಡು ಬರುವ ಮೊದಲೇ, ಕೊಲ್ಲದಷ್ಟು ವಿಷವಿರುವ ಪುಟ್ಟ ಕಪ್ಪೆಗಳನ್ನು ಕಾಡಿನ ಉಡಗಳಿಗೆ ತಿನ್ನಿಸಿದರು. ಹೊಟ್ಟೆ ತೊಳಸಿದ ಆ ನೆನಪು ಸಾಕಾಯಿತು. ಪಾಠವಾಗದ ಉಡಗಳು ತಿಂಗಳುಗಳಲ್ಲೇ ಸತ್ತವು. ಪಾಠವಾದವುಗಳಲ್ಲಿ ಹಲವು ವರ್ಷ ದಾಟಿಯೂ ಬದುಕಿದ್ದವು. 2016ರಲ್ಲಿ ಪ್ರಕಟವಾದ ಈ ಕೆಲಸದ ಮುಂದುವರಿಕೆಯಲ್ಲಿ ಇನ್ನೊಂದು ಸಂಗತಿ ಹೊರಬಿತ್ತು. ವಿಜ್ಞಾನಿಗಳ ಕಣ್ಣಿಗೆ ಬೀಳುತ್ತಿದ್ದ ಉಡಗಳಿಗಿಂತ ಸ್ಥಳೀಯ ವನಪಾಲಕರು ಹುಡುಕುತ್ತಿದ್ದ ಉಡಗಳು ಹೆಚ್ಚು ಸಂಕೋಚದವು. ಅಂದರೆ ಉಡಗಳಲ್ಲೂ ಪುಕ್ಕಲು, ಧೈರ್ಯಸ್ಥ ಎಂಬ ವ್ಯಕ್ತಿಭೇದವಿದೆ. ಒಂದು ಕೆಟ್ಟ ಊಟವನ್ನು ಇಷ್ಟು ಕಾಲ ನೆನಪಿಡುವ ಪ್ರಾಣಿ ಒಂದು ಕೆಟ್ಟ ಕೈಯನ್ನು ಮರೆಯುತ್ತದೆಂದು ನಂಬಲು ಕಾರಣವಿಲ್ಲ. ಒಳ್ಳೆಯ ಕೈಯನ್ನೂ ಮರೆಯಲಾರದು.

ವ್ಯಕ್ತಿಭೇದ ಇರುವುದರಿಂದಲೇ ಎಲ್ಲ ಉಡಗಳೂ ಒಲಿಯುತ್ತವೆ ಎಂಬ ಭರವಸೆ ಕೊಡಲಾಗದು. ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಗೇಣುದ್ದದ ಮರಿಗೆ ಹದ್ದು, ಹಾವು, ದೊಡ್ಡ ಉಡ ಎಲ್ಲವೂ ಯಮದೂತರೇ. ಕೊಮೊಡೊ ಮರಿಗಳು ಮೊದಲ ವರ್ಷಗಳನ್ನು ಮರದ ಮೇಲೆ ಕಳೆಯುವುದೇ ತಮ್ಮ ಜಾತಿಯ ದೊಡ್ಡವರ ಬಾಯಿಗೆ ಬೀಳದಿರಲು. ಮರಿಯ ಹುಚ್ಚು ರೋಷ ಬೆಳೆದಂತೆ ಇಳಿಯುವುದುಂಟು, ಆ ಇಳಿತದ ಕೀರ್ತಿಯನ್ನು ಸಾಕಿದವನು ತನ್ನ ಖಾತೆಗೆ ಬರೆದುಕೊಳ್ಳುವುದೂ ಉಂಟು. ಮತ್ತೆ, ಕಚ್ಚಿದರೆ ಅದು ಬೆಕ್ಕು ಪರಚಿದಂತಲ್ಲ. ಉಡಗಳ ಬಾಯಲ್ಲಿ ವಿಷಗ್ರಂಥಿಗಳಿರುವುದನ್ನು ಬ್ರಯಾನ್ ಫ್ರೈ ತಂಡ 2006ರಲ್ಲಿ ತೋರಿಸಿತು. ಅದಕ್ಕಿಂತ ಹೆಚ್ಚಾಗಿ, ಗರಗಸದಂಥ ಹಲ್ಲು ನರ, ಸ್ನಾಯುಗಳನ್ನು ಸೀಳಬಲ್ಲದು.

ಹಾಗಿದ್ದರೆ ಓಡುವ ದಾರಿಯಿರುವ ಉಡ ನಿಜಕ್ಕೂ ಮನುಷ್ಯರನ್ನು ಸಹಿಸುತ್ತದೆಯೇ ಎಂದು ನೋಡಲು ಗಾಜಿನ ಪೆಟ್ಟಿಗೆಯೇ ಬೇಕೆಂದಿಲ್ಲ. ಬ್ಯಾಂಕಾಕಿನ ನಡುಮಧ್ಯದ ಲುಂಪಿನಿ ಉದ್ಯಾನದಲ್ಲಿ ಮಾರುದ್ದದ ನೀರು ಉಡಗಳು ನೂರಾರು ಸಂಖ್ಯೆಯಲ್ಲಿವೆ. ಬೆಳಗಿನ ಓಟದವರು, ಚಾಪೆ ಹಾಸಿ ಕೂತ ಸಂಸಾರಗಳು, ಕ್ಯಾಮೆರಾ ಹಿಡಿದ ಪ್ರವಾಸಿಗಳು ಕೆಲವೇ ಹೆಜ್ಜೆ ಆಚೆ ಇರುವಾಗ ಅವು ಹುಲ್ಲಿನ ಮೇಲೆ ಬಿಸಿಲು ಕಾಯುತ್ತಿರುತ್ತವೆ. 2016ರಲ್ಲಿ ಸಂಖ್ಯೆ ಅತಿಯಾಯಿತೆಂದು ನಗರಾಡಳಿತ ಕೆಲವನ್ನು ಹಿಡಿಸಿ ಬೇರೆಡೆ ಸಾಗಿಸಿತು, ಆದರೆ ಅವು ಜನರ ಮೇಲೆ ಎರಗಿದವೆಂಬುದು ಅದಕ್ಕೆ ಕಾರಣವಾಗಿರಲಿಲ್ಲ. ಈ ಉಡಗಳನ್ನು ಯಾರೂ ಪಳಗಿಸಿಲ್ಲ, ಯಾರೂ ಕೈಗವಸು ಹಾಕಿಲ್ಲ. ಅವುಗಳ ಬೆನ್ನ ಹಿಂದೆ ಕೆರೆಯಿದೆ. ಮನಸ್ಸಿಗೆ ಬಂದಾಗ ಜಾರಿ ಹೋಗಬಹುದು, ಆದ್ದರಿಂದ ಹೋಗುವುದಿಲ್ಲ.

ಇಷ್ಟು ಓದಿದ ಕನ್ನಡದ ಓದುಗರಲ್ಲಿ ಯಾರಿಗಾದರೂ ಒಂದು ಉಡ ಸಾಕುವ ಆಸೆ ಚಿಗುರಿದ್ದರೆ ಇಲ್ಲೇ ಚಿವುಟಬೇಕು. ಭಾರತದಲ್ಲಿರುವ ನಾಲ್ಕೂ ಜಾತಿಯ ಉಡಗಳು, ನಮ್ಮ ಹೊಲಗದ್ದೆಯ ಉಡವೂ ಸೇರಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಇದಕ್ಕೂ. ಹಿಡಿಯುವುದು, ಸಾಕುವುದು, ಮಾರುವುದು ಮೂರು ವರ್ಷಕ್ಕೆ ಕಡಿಮೆಯಿಲ್ಲದ ಜೈಲಿನ ಅಪರಾಧ. ಖಂಜಿರದ ಮೇಲೆ ಬಿಗಿಯುತ್ತಿದ್ದ ಉಡದ ಚರ್ಮದ ಜಾಗಕ್ಕೆ ಈಗ ಆಡಿನ ಚರ್ಮವೂ ಪ್ಲಾಸ್ಟಿಕ್ ಹಾಳೆಯೂ ಬಂದಿವೆ. ಆದರೆ ಮಾಂಸಕ್ಕೆ, ಎಣ್ಣೆಗೆ, 'ಹತ್ತಾ ಜೋಡಿ' ಎಂಬ ಬೇರಿನ ಹೆಸರಿನಲ್ಲಿ ಮಾರುವ ಅದರ ಒಣಗಿದ ಜನನಾಂಗಕ್ಕೆ ಬೇಟೆ ನಿಂತಿಲ್ಲ. ಕಾನೂನಿನ ಆಚೆಗೂ ಈ ಅಧ್ಯಾಯದ ವಾದ ತಾನಾಗಿ ಅಲ್ಲಿಗೇ ಹೋಗಿ ನಿಲ್ಲುತ್ತದೆ: ಓಡುವ ದಾರಿಯೇ ಉಡದ ನೆಮ್ಮದಿಯ ಮೂಲವಾದರೆ, ಅತಿ ಒಳ್ಳೆಯ ಪೆಟ್ಟಿಗೆಯೂ ಅದನ್ನು ನಟಿಸಿ ತೋರಿಸಬಲ್ಲದಷ್ಟೇ. ಕಾಡಿನಿಂದ ಹಿಡಿದು ತಂದ ಮರಿಯನ್ನು ಅಗ್ಗಕ್ಕೆ ಮಾರುವ ಪಶ್ಚಿಮ ಆಫ್ರಿಕಾದ ವ್ಯಾಪಾರ ನಿಲ್ಲಬೇಕೆಂದೇ ನನ್ನ ತೀರ್ಪು. ಈಗಾಗಲೇ ಮನೆಗಳಲ್ಲಿರುವವಕ್ಕೆ ಮಾತ್ರ ಮೇಲೆ ಹೇಳಿದ ಸಹನೆ ಸಲ್ಲಬೇಕು.

ನಮ್ಮ ಕಡೆ ಉಡದ ಭೇಟಿ ಸಾಮಾನ್ಯವಾಗಿ ಬೇರೆ ಥರ ಆಗುತ್ತದೆ. ಕೋಳಿಗೂಡಿನ ಮೊಟ್ಟೆಗೋ ಇಲಿಯ ಜಾಡ ಹಿಡಿದೋ ಅದು ಹಿತ್ತಲಿಗೆ, ಕೆಲವೊಮ್ಮೆ ಬಚ್ಚಲುಮನೆಗೇ ಬರುತ್ತದೆ. ಬಂದಾಗ ಕೋಲು ಹಿಡಿದು ಮೂಲೆಗೆ ಅಟ್ಟಬೇಡಿ, ಬಾಲ ಹಿಡಿದು ಎಳೆಯಬೇಡಿ. ನಾಯಿಯನ್ನು ಕಟ್ಟಿ, ಮಕ್ಕಳನ್ನು ಒಳಗೆ ಕರೆದುಕೊಂಡು, ಹೊರಗಿನ ಬಾಗಿಲನ್ನು ಪೂರ್ತಿ ತೆರೆದಿಟ್ಟು ಅರ್ಧ ಗಂಟೆ ಅತ್ತ ಸುಳಿಯದಿರಿ. ಆಮೇಲೂ ಅಲ್ಲೇ ಇದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ.